ಬಾಸಿಲಿಯಾ ಕೊಟ್ಟ ಕೊಸರು

ಸುಕ್ರೆ ಪಟ್ಟಣದ ಪೇಟೆಯ ಹಣ್ಣಿನ ರಸದ ಸಾಲಿನಲ್ಲಿ ಹದಿನಾಲ್ಕನೆಯ ಅಂಗಡಿ ಬಾಸಿಲಿಯಾ ಯುಕ್ರಾಳದು. ಆ ಸಾಲಿನುದ್ದಕ್ಕೂ ಹೆಂಗಸರು ಎತ್ತರದ ಕಟ್ಟೆಯ ಮೇಲೆ, ಪಪ್ಪಾಯಿ ಅನಾನಸುಗಳ ಗುಡ್ಡೆಯ ಹಿಂದೆ, ಎರಡು ಜಡೆ ಹೆಣೆದು ಬಿಳಿ ಏಪ್ರನ್ ಕಟ್ಟಿ ಕೂತಿರುತ್ತಾರೆ. ಹಾದುಹೋಗುವವರನ್ನೆಲ್ಲ "ಬಾ ಕಸೆರಿತಾ, ಏನು ಕೊಡ್ಲಿ ಕಸೆರಿತಾ" ಎಂದು ಕೂಗುತ್ತಾರೆ. ಕಸೆರಿತಾ ಎಂದರೆ ವರ್ತನೆಯ ಗಿರಾಕಿ. ಜನ್ಮದಲ್ಲಿ ಆ ಕಡೆ ತಲೆಹಾಕದವನನ್ನೂ ಹಾಗೆಯೇ ಕರೆಯುವುದು. ಕರೆದೂ ಕರೆದೂ ಆಮೇಲೆ ಅವನು ನಿಜವಾಗಿಯೂ ವರ್ತನೆಗೆ ಬೀಳುವುದು. ಬಾಸಿಲಿಯಾ ಮಾತ್ರ ಗಂಟಲು ಹರಿದುಕೊಳ್ಳುವವಳಲ್ಲ. ಅವಳ ಬೆಂಚು ತಾನಾಗಿಯೇ ತುಂಬುತ್ತಿತ್ತು. ಬರುವವರಲ್ಲಿ ಅರ್ಧಕ್ಕರ್ಧ ಕಾಲೇಜಿನ ಹುಡುಗ ಹುಡುಗಿಯರು, ಅವರಿಗೆ ರಸ ಒಂದು ನೆಪ. ಅವರು ಬರುತ್ತಿದ್ದುದು ಕೆಲಸದ ಸಂದರ್ಶನಕ್ಕೆ ತಯಾರಾಗಲು.

ಬಾಸಿಲಿಯಾ ಓದಿದವಳಲ್ಲ. ಬೋರ್ಡಿನ ಮೇಲಿನ ದಪ್ಪಕ್ಷರವನ್ನು ಕೂಡಿಸಿ ಕೂಡಿಸಿ ಓದುತ್ತಾಳೆ, ಅಷ್ಟೆ. ಆದರೆ ಕಿವಿ ಚುರುಕು. ವಿಶ್ವವಿದ್ಯಾಲಯದ ಬೀದಿಯ ಜೆರಾಕ್ಸ್ ಅಂಗಡಿಯಲ್ಲಿ ಸಂದರ್ಶನದ ಐವತ್ತು ಪ್ರಶ್ನೆಗಳ ಪುಸ್ತಿಕೆಯೊಂದು ಸಿಗುತ್ತಿತ್ತು. ಅದನ್ನು ಹುಡುಗರು ಅವಳ ಬೆಂಚಿನ ಮೇಲೆ ಕೂತು, ಬಾಳೆಹಣ್ಣಿನ ಹಾಲು ಕುಡಿಯುತ್ತ, ಪ್ರಾರ್ಥನೆ ಒಪ್ಪಿಸುವ ಹಾಗೆ ಗಟ್ಟಿಯಾಗಿ ಉರು ಹೊಡೆಯುತ್ತಿದ್ದರು. ಎರಡು ವರ್ಷ ಕಿವಿಯ ಮೇಲೆ ಬಿದ್ದದ್ದಕ್ಕೆ ಐವತ್ತೂ ಪ್ರಶ್ನೆ ಅವಳಿಗೆ ಬಾಯಿಪಾಠವಾಗಿ ಹೋದವು. ಉತ್ತರಗಳೂ ಬಾಯಿಗೆ ಬಂದಿದ್ದವು, ಆದರೆ ಅವು ಅವಳಿಗೆ ಒಂದೂ ಹಿಡಿಸಿರಲಿಲ್ಲ.

ಲಿಂಬೆರ್ತ್ ಎಂಬುವನು ಅವಳ ಮೊದಲನೆಯ ಶಿಷ್ಯ. ಉದ್ದಕ್ಕೆ ಬೆಳೆದ, ಕೂತರೆ ಮೊಣಕಾಲು ಕಟ್ಟೆಗೆ ತಾಗುವ ಹುಡುಗ. ನಾಲ್ಕು ಕಡೆ ಹೋಗಿ ನಾಲ್ಕು ಕಡೆಯೂ ಬೇಡವೆನಿಸಿಕೊಂಡು ಬಂದು, ಮುಖ ಇಳಿಬಿಟ್ಟು ಕೂತಿದ್ದ.

"ನಿನ್ನ ಬಗ್ಗೆ ಹೇಳು ಅಂದ್ರೆ ಏನಂತೀಯ?" ಎಂದಳು ಬಾಸಿಲಿಯಾ, ಪಪ್ಪಾಯಿ ಹೆಚ್ಚುತ್ತಲೇ.

ಲಿಂಬೆರ್ತ್ ಶುರು ಮಾಡಿದ. ಅವನ ಅಜ್ಜ ಯಾವ ಊರಿನವನು, ಅಪ್ಪ ಹೇಗೆ ಲಾರಿ ಓಡಿಸಿ ಇವನನ್ನು ಓದಿಸಿದ, ತಾಯಿ ಯಾರ ಪೈಕಿ. ನಮ್ಮ ಹಳ್ಳಿಗಳ ಕಡೆ ಮನುಷ್ಯ ತನ್ನ ಪರಿಚಯ ಹೇಳಿಕೊಳ್ಳುವುದೇ ಹಾಗೆ. ಮನೆಯವರನ್ನು ಬಿಟ್ಟು ತಾನೊಬ್ಬನೇ ಮುಂದೆ ಬಂದು ನಿಲ್ಲುವುದು ಅಹಂಕಾರ ಎನಿಸುತ್ತದೆ. ಒಂದು ಲೋಟ ರಸ ಮುಗಿದರೂ ಲಿಂಬೆರ್ತ್ ಇನ್ನೂ ಹುಟ್ಟಿರಲಿಲ್ಲ.

"ಕೆಲಸ ಬೇಕಾಗಿರೋದು ನಿಮ್ಮಜ್ಜನಿಗಾ, ನಿನಗಾ?" ಎಂದಳು ಬಾಸಿಲಿಯಾ.

ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ಲಿಂಬೆರ್ತ್ ನಗಲಿಲ್ಲ. ಅದಕ್ಕೇ ಅವಳಿಗೆ ಅವನ ಮೇಲೆ ಕನಿಕರ ಬಂತು. ಮಿಕ್ಸಿಯಲ್ಲಿ ಉಳಿದಿದ್ದ ರಸವನ್ನು ಅವನ ಖಾಲಿ ಲೋಟಕ್ಕೆ ಸುರಿದಳು. ಈ ಪೇಟೆಯಲ್ಲಿ ಇದು ಎಲ್ಲರಿಗೂ ಇದ್ದದ್ದೇ: ಒಂದು ಲೋಟ ಕುಡಿದು ಮುಗಿಸಿದ ಮೇಲೆ ಗಿರಾಕಿ ಲೋಟ ಚಾಚುತ್ತಾನೆ, ಅಂಗಡಿಯವಳು ಉಳಿದದ್ದನ್ನು ಕೊಸರು ಹಾಕುತ್ತಾಳೆ. ಕೊಸರಿಲ್ಲದೆ ಇಲ್ಲಿ ಯಾವ ವ್ಯಾಪಾರವೂ ಮುಗಿಯುವುದಿಲ್ಲ.

"ನೋಡು, ಉತ್ತರಾನೂ ಹೀಗೇ ಕೊಡಬೇಕು," ಎಂದಳು. "ಒಂದು ಲೋಟ ಕೇಳಿದ್ರೆ ಒಂದು ಲೋಟ ಕೊಡು, ಬಕೆಟ್ ಸುರೀಬೇಡ. ಕೇಳಿದ್ದಕ್ಕೆ ನೇರ ಉತ್ತರ. ಅದು ಮುಗಿದ ಮೇಲೆ ಒಂದು ಕೊಸರು. ನಿನ್ನ ಜೀವನದಲ್ಲಿ ನಡೆದದ್ದು, ನಿನಗೊಬ್ಬನಿಗೇ ಗೊತ್ತಿರೋದು, ಒಂದೇ ಒಂದು ವಿಷಯ. ಅವರ ನೆನಪಲ್ಲಿ ಉಳಿಯೋದು ಆ ಕೊಸರು."

ಐದನೆಯ ಸಲ ಲಿಂಬೆರ್ತ್‌ಗೆ ಕೆಲಸ ಸಿಕ್ಕಿತು. ಅದೂ ಎಂಥ ಕೆಲಸ, ಕಂಪನಿಯೊಂದರಲ್ಲಿ ಬೇರೆಯವರನ್ನು ಕೆಲಸಕ್ಕೆ ಆರಿಸುವ ಕೆಲಸ. ಸುದ್ದಿ ಕಾಲೇಜಿನ ತುಂಬ ಹಬ್ಬಿತು. ಆಮೇಲೆ ಬಾಸಿಲಿಯಾಳ ಬೆಂಚಿನಲ್ಲಿ ಜಾಗ ಸಿಗುವುದೇ ಕಷ್ಟವಾಯಿತು. ಅವಳು ಎಡಗೈಯಲ್ಲಿ ಅನಾನಸು ತಿರುಗಿಸುತ್ತ ಪ್ರಶ್ನೆ ಎಸೆಯುತ್ತಿದ್ದಳು, ಮಿಕ್ಸಿ ನಿಲ್ಲುವಷ್ಟರಲ್ಲಿ ಉತ್ತರ ಮುಗಿದಿರಬೇಕು. ನಿನ್ನ ದೌರ್ಬಲ್ಯ ಏನು ಎಂದರೆ ಎಲ್ಲರೂ ಪುಸ್ತಿಕೆಯ ಮಾತನ್ನೇ ಒಪ್ಪಿಸುತ್ತಿದ್ದರು, ನಾನು ವಿಪರೀತ ದುಡಿಯುತ್ತೇನೆ ಅಂತ.

"ಹಾಗಂದ್ರೆ ಅವರು ಮನಸ್ಸಲ್ಲೇ ನಗ್ತಾರೆ," ಎನ್ನುತ್ತಿದ್ದಳು. "ನನ್ನ ಬುಟ್ಟೀಲಿ ಕೊಳೆತ ಹಣ್ಣೇ ಇಲ್ಲ ಅಂದ್ರೆ ನೀನು ನಂಬ್ತೀಯಾ? ಒಂದನ್ನ ನೀನೇ ಎತ್ತಿ ತೋರಿಸಿ ಪಕ್ಕಕ್ಕಿಡು. ಮಿಕ್ಕಿದ್ದನ್ನ ಅವರು ಮೂಸಿ ನೋಡಲ್ಲ."

ಇಷ್ಟೆಲ್ಲ ಹೇಳಿಕೊಡುವವಳು ತಾನು ಒಂದೇ ಒಂದು ಸಂದರ್ಶನಕ್ಕೆ ಹೋದವಳು. ಹದಿನೇಳರ ವಯಸ್ಸಿನಲ್ಲಿ, ಹಳ್ಳಿಯಿಂದ ಬಂದ ಹೊಸದರಲ್ಲಿ, ದೊಡ್ಡ ಮನೆಯೊಂದಕ್ಕೆ ಮನೆಗೆಲಸ ಕೇಳಿಕೊಂಡು ಹೋಗಿದ್ದಳು. ಆ ಮನೆಯ ಯಜಮಾನಿ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. "ಕೈ ತೋರಿಸು" ಎಂದಳು. ಆಲೂಗಡ್ಡೆ ಅಗೆದು ಬಿರಿದಿದ್ದ ಕೈಯನ್ನು ಬಾಸಿಲಿಯಾ ತೋರಿಸಿದಳು. ಯಜಮಾನಿ ನೋಡಿ ಬಾಗಿಲು ಹಾಕಿಕೊಂಡಳು. ಇದನ್ನು ಬಾಸಿಲಿಯಾ ಇಷ್ಟು ವರ್ಷದಲ್ಲಿ ಯಾರ ಹತ್ತಿರವೂ ಹೇಳಿರಲಿಲ್ಲ, ಹೇಳಿದ್ದು ಸುಲ್ಮಾಳಿಗೆ ಮಾತ್ರ.

ಸುಲ್ಮಾ ಅವಳ ತಂಗಿಯ ಮಗಳು. ತಂಗಿ ಅರ್ಜೆಂಟೀನಾಕ್ಕೆ ಹೊಲಿಗೆ ಕೆಲಸಕ್ಕೆ ಹೋದಾಗ, ಒಂದು ವರ್ಷ ನೋಡಿಕೋ ಅಕ್ಕ ಎಂದು ಬಿಟ್ಟು ಹೋಗಿದ್ದಳು. ಆಗ ಹುಡುಗಿಗೆ ಹನ್ನೊಂದು. ತಂಗಿ ಅಲ್ಲೇ ಇನ್ನೊಂದು ಸಂಸಾರ ಹೂಡಿದಳು. ಆ ಒಂದು ವರ್ಷ ಎಂಟು ವರ್ಷವಾಯಿತು. ಮಕ್ಕಳಿಲ್ಲದ ಬಾಸಿಲಿಯಾ ಇದಕ್ಕಾಗಿ ತಂಗಿಯನ್ನು ಬಾಯಲ್ಲಿ ಬೈಯುತ್ತಿದ್ದಳು, ಮನಸ್ಸಿನಲ್ಲಿ ದಿನವೂ ಅವಳಿಗೆ ಒಳ್ಳೆಯದಾಗಲಿ ಎನ್ನುತ್ತಿದ್ದಳು. ಸುಲ್ಮಾ ಬೆಳಿಗ್ಗೆ ಅಂಗಡಿಯಲ್ಲಿ ಹಣ್ಣು ಸುಲಿದು, ಲೋಟ ತೊಳೆದು, ಮಧ್ಯಾಹ್ನ ಶಾಲೆಗೆ ಹೋದಳು. ಆಮೇಲೆ ರಕ್ತ ಪರೀಕ್ಷೆಯ ಲ್ಯಾಬಿನ ಕೆಲಸ ಕಲಿಸುವ ಕೋರ್ಸಿಗೆ ಸೇರಿದಳು. ಕೊನೆಯ ವರ್ಷದಲ್ಲಿ, ಆಸ್ಪತ್ರೆ ಹಿಂದಿನ ಬೀದಿಯ ಲ್ಯಾಬಿನಲ್ಲಿ ಒಂದು ಜಾಗ ಖಾಲಿ ಇದೆ ಎಂದು ಗೊತ್ತಾಗಿ ಅರ್ಜಿ ಹಾಕಿದಳು. ಕರೆಯೂ ಬಂತು.

ಬಾಸಿಲಿಯಾಳಿಗೆ ಆ ವಾರವಿಡೀ ಊಟ ಸೇರಲಿಲ್ಲ. ಊರಿನ ಮಕ್ಕಳನ್ನೆಲ್ಲ ದಡ ಹತ್ತಿಸಿ ತನ್ನ ಹುಡುಗಿಯನ್ನೇ ನೀರಲ್ಲಿ ಬಿಟ್ಟರೆ ಹೇಗೆ ಎಂಬ ಭಯ.

"ಅನುಭವ ಇದೆಯಾ ಅಂತ ಕೇಳ್ತಾರೆ. ಏನಂತೀಯ?"

"ಇಲ್ಲಿ ಎಂಟು ವರ್ಷದಿಂದ ಕೆಲಸ ಮಾಡ್ತಿದೀನಿ ಅಂತೀನಿ," ಎಂದಳು ಸುಲ್ಮಾ.

"ಬೇಡ. ಅದೊಂದು ಹೇಳ್ಬೇಡ. ಕಾಲೇಜಲ್ಲಿ ಮಾಡಿದ ಪ್ರಾಕ್ಟಿಕಲ್ ಹೇಳು ಸಾಕು. ಪೇಟೆ ಹುಡುಗಿ ಅಂದ್ರೆ ಆಯ್ತು, ಕೈ ನೋಡ್ತಾರೆ."

"ನೋಡ್ಲಿ ಬಿಡು ದೊಡ್ಡಮ್ಮ."

"ನೋಡ್ಲಿ ಅಂತೆ. ಬಾಗಿಲು ಹಾಕಿಸಿಕೊಂಡೋಳು ನಾನು, ನೀನಲ್ಲ. ಕೈ ಮಡಿಲಲ್ಲಿ ಇಟ್ಕೊಂಡು ಕೂತ್ಕೋ. ಮೇಜಿನ ಮೇಲೆ ತರಬೇಡ. ಗೊತ್ತಾಯ್ತಾ?"

ಸುಲ್ಮಾ ಹೂಂ ಎಂದಳು, ಅಹುದೂ ಅಲ್ಲ ಅಲ್ಲವೂ ಅಲ್ಲ ಎನ್ನುವ ಹೂಂ. ಯಾರು ಏನೇ ಕೇಳಲಿ ನಿಜ ಹೇಳಿ, ಕೊನೆಗೆ ಕೊಸರು ಕೊಡಿ ಎಂದು ಊರಿಗೆಲ್ಲ ಬುದ್ಧಿ ಹೇಳಿದವಳು ತನ್ನ ಮನೆಯ ಹುಡುಗಿಗೆ ಮಾತ್ರ ಮುಚ್ಚಿಡು ಎನ್ನುತ್ತಿದ್ದಾಳಲ್ಲ ಎಂದು ಬಾಸಿಲಿಯಾಳಿಗೆ ಆಗ ಹೊಳೆಯಲೇ ಇಲ್ಲ. ಪ್ರೀತಿ ಜಾಸ್ತಿಯಾದ ಕಡೆ ಬುದ್ಧಿ ಸ್ವಲ್ಪ ಕೈಕೊಡುತ್ತದೆ, ಅದು ಅವಳೊಬ್ಬಳ ತಪ್ಪಲ್ಲ.

ಸೋಮವಾರ ಸುಲ್ಮಾ ಹೋಗಿ ಬಂದಳು. ಏನು ಕೇಳಿದರು ಎಂದರೆ "ಎಲ್ಲರೂ ಕೇಳೋದೇ ಕೇಳಿದ್ರು" ಎಂದಳು. ನೀನೇನಂದೆ ಎಂದರೆ "ಹೇಳಬೇಕಾದ್ದು ಹೇಳಿದೆ" ಎಂದಳು. ಏಪ್ರನ್ ಕಟ್ಟಿಕೊಂಡು ಲೋಟ ತೊಳೆಯಲು ಕೂತಳು. ಕೊನೆಗೆ ಮೂವರು ಉಳಿದಿದ್ದಾರಂತೆ, ಶುಕ್ರವಾರ ತಿಳಿಸುತ್ತಾರಂತೆ, ಅಷ್ಟು ಮಾತ್ರ ಬಾಯಿ ಬಿಟ್ಟಳು.

ಬುಧವಾರ ಹನ್ನೊಂದು ಗಂಟೆ ಹೊತ್ತಿಗೆ ಬಾಸಿಲಿಯಾಳ ಫೋನು ಬಡಿದುಕೊಂಡಿತು. ಸುಲ್ಮಾ ಕಾಲೇಜಿಗೆ ಹೋಗಿದ್ದಳು. ಬೆಂಚಿನ ತುಂಬ ಜನ. ಲಿಂಬೆರ್ತ್ ಕೂಡ ಆಫೀಸಿನಿಂದ ಎದ್ದು ಬಂದು, ಎಂದಿನ ಜಾಗದಲ್ಲಿ ಕೂತಿದ್ದ.

"ದೋನ್ಯಾ ಬಾಸಿಲಿಯಾ ಯುಕ್ರಾ ಅವರಾ?" ಹೆಂಗಸಿನ ದನಿ, ಅಮ್ಮಾವರೇ ಎನ್ನುವ ಮರ್ಯಾದೆಯ ದೋನ್ಯಾ. "ನಾನು ಲ್ಯಾಬಿನಿಂದ ಡಾಕ್ಟರ್ ಅರಾನೀಬಾರ್. ಸುಲ್ಮಾ ಬಗ್ಗೆ ಕೇಳಬೇಕಿತ್ತು. ಅವಳ ಬಯೋಡೇಟಾದಲ್ಲಿ ಹಿಂದಿನ ಯಜಮಾನರು ಅಂತ ನಿಮ್ಮ ಹೆಸರಿದೆ. ಹಣ್ಣಿನ ರಸದ ಅಂಗಡಿ, ನಂಬರ್ ಹದಿನಾಲ್ಕು, ಎಂಟು ವರ್ಷ ಅಂತ."

ಬಾಸಿಲಿಯಾ ಮಿಕ್ಸಿ ಆರಿಸಿದಳು. ಹೇಳಬೇಡ ಎಂದದ್ದನ್ನೇ ಬರೆದುಬಿಟ್ಟಿದ್ದಾಳೆ, ಮೊಂಡು ಹುಡುಗಿ. ಅದೂ ಅಂಗಡಿ ನಂಬರಿನ ಸಮೇತ. ಸಿಟ್ಟು ಬರಬೇಕಾಗಿತ್ತು, ಬಂದದ್ದು ಕಣ್ಣಲ್ಲಿ ನೀರು. ಅಷ್ಟರಲ್ಲಿ ಡಾಕ್ಟರು ಪ್ರಶ್ನೆ ಶುರು ಮಾಡಿದ್ದರು. ಐವತ್ತು ಪ್ರಶ್ನೆ ಬಾಯಿಪಾಠವಿದ್ದವಳಿಗೆ ಈಗ ಕೇಳುವ ಪ್ರಶ್ನೆ ಮೊದಲ ಸಲ ಕೇಳಿದಂತಾಯಿತು.

"ಹೊತ್ತಿಗೆ ಸರಿಯಾಗಿ ಬರ್ತಾಳಾ?"

"ನನಗಿಂತ ಮುಂಚೆ ಏಳ್ತಾಳೆ ಡಾಕ್ಟ್ರೇ."

"ಅವಳಲ್ಲಿ ಏನು ಕೊರತೆ ಇದೆ?"

ಕೊಳೆತ ಹಣ್ಣೊಂದನ್ನು ಎತ್ತಿ ತೋರಿಸಬೇಕು, ಬಾಸಿಲಿಯಾ ತಾನೇ ಹೇಳಿಕೊಟ್ಟ ಪಾಠ. ಬೇರೆಯವರ ಹಣ್ಣು ತೋರಿಸುವುದು ಸುಲಭ, ನಮ್ಮದನ್ನು ತೋರಿಸುವಾಗ ಕೈ ಬರುವುದಿಲ್ಲ.

"ತಪ್ಪು ಮಾಡಿದ್ರೆ ಮುಚ್ಚಿಡೋಕೆ ಬರಲ್ಲ ಅವಳಿಗೆ," ಎಂದಳು. "ಹದಿನೈದು ವರ್ಷದೋಳಿದ್ದಾಗ ಒಬ್ಬ ರಿಟೈರಾದ ಮೇಷ್ಟ್ರು ಬರ್ತಿದ್ರು, ಸಕ್ಕರೆ ಕಾಯಿಲೆ. ಅವರಿಗೆ ಸಕ್ಕರೆ ಹಾಕಿ ಕೊಟ್ಬಿಟ್ಳು. ಅವರು ಕುಡಿದು ಹೋಗಿಯೂ ಆಗಿತ್ತು. ಅವರಿಗೇ ಗೊತ್ತಾಗಿರಲಿಲ್ಲ. ಇವಳು ಏಪ್ರನ್ ಮೇಲೇ ಓಡಿ, ಬಸ್ ಸ್ಟಾಪಲ್ಲಿ ಹಿಡಿದು ಹೇಳಿ, ಎಲ್ಲರ ಮುಂದೆ ಬೈಸಿಕೊಂಡು ಅತ್ಕೊಂಡು ಬಂದ್ಳು. ಅಂಗಡಿ ಮಾನ ಕಳೆದೆ ಅಂತ ನಾನೂ ಬೈದೆ. ಇವತ್ತಿಗೂ ಹಾಗೇ. ಮುಚ್ಚಿಡೋಕೆ ಬರಲ್ಲ."

ಆ ಕಡೆ ಏನೋ ಬರೆದುಕೊಳ್ಳುವ ಸದ್ದು.

"ಕೊನೇ ಪ್ರಶ್ನೆ. ಅವಳು ವಾಪಸ್ ಬಂದ್ರೆ ನೀವು ಮತ್ತೆ ಕೆಲಸಕ್ಕೆ ಸೇರಿಸ್ಕೊಳ್ತೀರಾ?"

"ಇಲ್ಲ," ಎಂದಳು ಬಾಸಿಲಿಯಾ. ಇದಕ್ಕೆ ಯೋಚಿಸಲೇ ಇಲ್ಲ. "ಬಂದ್ರೂ ಸೇರಿಸಿಕೊಳ್ಳಲ್ಲ."

"ಖಂಡಿತಾ?"

"ಖಂಡಿತಾ."

ಡಾಕ್ಟರು ಥ್ಯಾಂಕ್ಸ್ ಹೇಳಿ ಫೋನಿಟ್ಟರು. ಬಾಸಿಲಿಯಾ ಏಪ್ರನ್ ತುದಿಯಲ್ಲಿ ಕಣ್ಣೊರೆಸಿಕೊಂಡು, ಪರೀಕ್ಷೆ ಚೆನ್ನಾಗಿ ಬರೆದು ಬಂದವಳ ಹಾಗೆ ಬೆಂಚಿನ ಕಡೆ ನೋಡಿದಳು. ಲಿಂಬೆರ್ತ್ ಲೋಟ ಕೆಳಗಿಟ್ಟಿದ್ದ. ಅವನ ಮುಖ ಬಿಳುಚಿತ್ತು.

"ದೋನ್ಯಾ, ಏನಂದ್ರಿ ಈಗ? ಸೇರಿಸಿಕೊಳ್ಳಲ್ಲ ಅಂದ್ರಾ?"

"ಹೂಂ ಮತ್ತೆ. ಓದಿಸಿದ್ದು ಯಾಕೆ, ಮತ್ತೆ ಇಲ್ಲಿ ಅನಾನಸು ಹೆಚ್ಚಲಿ ಅಂತಲಾ?"

"ಅಯ್ಯೋ, ನಾನು ದಿನಾ ಇಂಥ ಫೋನ್ ಮಾಡೋನು. ಬೇರೆ ಪ್ರಶ್ನೆಗೆಲ್ಲ ಹಳೇ ಯಜಮಾನರು ಹೊಗಳ್ತಾರೆ, ಅದನ್ನ ನಾವು ಲೆಕ್ಕಕ್ಕೆ ತಗೊಳ್ಳಲ್ಲ. ನಿಜವಾಗಿ ಕೇಳೋದು ಅದೊಂದೇ. ಅದಕ್ಕೆ ಇಲ್ಲ ಅಂದ್ರೆ, ಈ ಹುಡುಗಿ ಕೈಲಿ ಏನೋ ಅನುಭವಿಸಿದಾರೆ, ಬಾಯಿಬಿಟ್ಟು ಹೇಳ್ತಿಲ್ಲ ಅಂತ ಅರ್ಥ. ಕಾಗದ ಪಕ್ಕಕ್ಕೆ ಇಡ್ತೀವಿ."

ಆ ಪ್ರಶ್ನೆ ಪುಸ್ತಿಕೆಯಲ್ಲಿ ಇರಲಿಲ್ಲ. ಅದು ಹುಡುಗರಿಗೆ ಕೇಳುವ ಪ್ರಶ್ನೆಯೇ ಅಲ್ಲವಲ್ಲ. ತಾನೇ ಸಾಕಿದ ಹುಡುಗಿಯ ಬಾಗಿಲನ್ನು ತಾನೇ ಹಾಕಿಬಿಟ್ಟೆನಲ್ಲ ಎಂದುಕೊಂಡಳು ಬಾಸಿಲಿಯಾ. ತಿರುಗಿ ಫೋನು ಮಾಡಿದಳು. ಯಾರೋ ಎತ್ತಿ, ಡಾಕ್ಟರು ಕೆಲಸದಲ್ಲಿದ್ದಾರೆ ಎಂದರು. ಮತ್ತೆ ಮಾಡಿದಳು, ಅದೇ ಮಾತು.

ಇಪ್ಪತ್ತೇಳು ವರ್ಷದಲ್ಲಿ ಮಧ್ಯಾಹ್ನದ ವ್ಯಾಪಾರದ ಹೊತ್ತಿನಲ್ಲಿ ಹದಿನಾಲ್ಕನೆಯ ಅಂಗಡಿಗೆ ಬಟ್ಟೆ ಮುಚ್ಚಿದ್ದು ಅದೇ ಮೊದಲು. ಪಕ್ಕದ ಅಂಗಡಿಯವಳು ಯಾರು ಸತ್ತರು ಎಂದು ಕೇಳಿದಳು. ಬಾಸಿಲಿಯಾ ಆಗಲೇ ಬೀದಿಗೆ ಇಳಿದಿದ್ದಳು. ಏರು ಬೀದಿಯಲ್ಲಿ ಆರು ಅಡ್ಡರಸ್ತೆ ದಾಟಿ, ಏದುಸಿರು ಬಿಡುತ್ತ ಲ್ಯಾಬಿನ ಬೆಂಚಿನ ಮೇಲೆ ಕೂತಳು. ಅಲ್ಲಿ ಎಲ್ಲವೂ ಬೆಳ್ಳಗೆ. ಏಪ್ರನ್ ಬಿಚ್ಚಲು ಮರೆತದ್ದು ಆಗ ನೆನಪಾಯಿತು. ಕೈ ನೋಡಿಕೊಂಡಳು, ಬೀಟ್‌ರೂಟಿನ ಕೆಂಪು ಉಗುರಿನ ಸಂದಿಗೆಲ್ಲ ಇಳಿದಿತ್ತು. ಎರಡೂ ಕೈಯನ್ನು ಶಾಲಿನ ಒಳಗೆ ಎಳೆದುಕೊಂಡು, ಯಾರಾದರೂ ಎಬ್ಬಿಸಿ ಕಳಿಸುತ್ತಾರೇನೋ ಎಂದು ಕಾದಳು. ಹದಿನೇಳರಲ್ಲಿ ಆ ದೊಡ್ಡ ಮನೆಯ ಬಾಗಿಲಲ್ಲಿ ನಿಂತ ಹಾಗೆಯೇ ಇತ್ತು.

ಡಾಕ್ಟರ್ ಅರಾನೀಬಾರ್ ಕುಳ್ಳಗಿನ, ನರೆಗೂದಲಿನ ಹೆಂಗಸು. ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು ಹೊರಗೆ ಬಂದರು.

"ನಾನು ಬಾಸಿಲಿಯಾ. ಬೆಳಿಗ್ಗೆ ಮಾತಾಡಿದೋಳು. ಒಂದು ಪ್ರಶ್ನೆಗೆ ಕೊಸರು ಕೊಡೋದು ಬಾಕಿ ಉಳೀತು, ಕೊಟ್ಟು ಹೋಗೋಣ ಅಂತ ಬಂದೆ."

"ಹೇಳಿ," ಎಂದು ಡಾಕ್ಟರು ಪಕ್ಕದಲ್ಲೇ ಕೂತರು.

ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತೆಲ್ಲ ಬಾಸಿಲಿಯಾಳಿಗೆ ಮರೆತುಹೋಗಿತ್ತು.

"ಸೇರಿಸಿಕೊಳ್ಳಲ್ಲ ಅಂದೆ ನೋಡಿ, ಅವಳು ಕೆಟ್ಟೋಳು ಅಂತ ಅಲ್ಲ. ಅವಳು ಬಾಗಿಲಿಗೆ ಬಂದು ನಿಂತ್ರೆ ನಾನು ಎರಡು ಮಾತಾಡದೆ ಸೇರಿಸ್ಕೊಂಡು ಬಿಡ್ತೀನಿ. ನನಗೆ ಅದೇ ಭಯ. ಮೊಣಕಾಲು ನೋವು ನನಗೆ. ಅವಳಿಲ್ಲದೆ ಬೆಳಿಗ್ಗೆ ಹಣ್ಣಿನ ಪೆಟ್ಟಿಗೆ ಎತ್ತೋಕಾಗಲ್ಲ. ಅವಳು ಮನೇಲಿ ಮಾತಾಡದಿದ್ರೆ ನನ್ನ ಹತ್ರ ಮಾತಾಡೋರೇ ಇಲ್ಲ. ಇವತ್ತು ಸೇರಿಸ್ಕೊಂಡ್ರೆ ಅವಳು ನನಗೋಸ್ಕರ ಅಲ್ಲೇ ಮುದುಕಿ ಆಗ್ತಾಳೆ. ಅದಕ್ಕೇ ಇಲ್ಲ ಅಂದೆ. ನನಗೆ ನಾನೇ ಹೇಳ್ಕೊಂಡೆ ಅದನ್ನ. ನಿಮ್ಮ ಕಾಗದದಲ್ಲಿ ಬೇರೆ ಥರ ಬರ್ಕೊಂಡಿದ್ರೆ, ದಯವಿಟ್ಟು ಹೊಡೆದು ಹಾಕಿ."

ಡಾಕ್ಟರು ಅವಳ ಶಾಲಿನ ಕಡೆ ನೋಡಿದರು.

"ಕೈ ಯಾಕೆ ಮುಚ್ಕೊಂಡಿದೀರಿ?" ಎಂದು ಕೇಳಿದರು.

"ಬೀಟ್‌ರೂಟ್ ಕಲೆ. ತೊಳೆದ್ರೂ ಹೋಗಲ್ಲ."

"ನಾವು ಸುಲ್ಮಾನ್ನ, ಅನುಭವ ಏನಿದೆ ಅಂತ ಕೇಳಿದ್ವಿ. ಅವಳು ಎರಡೂ ಕೈ ತೆಗೆದು ಮೇಜಿನ ಮೇಲಿಟ್ಳು. ಅವಳ ಕೈಯಲ್ಲೂ ಇದೇ ಕಲೆ ಇತ್ತು. ಎಂಟು ವರ್ಷ ಅಳೆದಿದೀನಿ, ತೊಳೆದಿದೀನಿ, ಯಾರಿಗೆ ಸಕ್ಕರೆ ಹಾಕಬಾರದು ಅಂತ ನೆನಪಿಟ್ಟಿದೀನಿ ಅಂದ್ಳು. ಒಂದ್ಸಲ ತಪ್ಪಿದ್ದನ್ನೂ ಅವಳೇ ಹೇಳಿದ್ಳು, ಮೇಷ್ಟ್ರ ಕಥೆ. ನಂಬಿಕೆ ಬರದಿದ್ರೆ ನಮ್ಮ ದೊಡ್ಡಮ್ಮನ್ನ ಕೇಳಿ, ಅವಳಿಗೆ ಸುಳ್ಳು ಹೇಳೋಕೆ ಬರಲ್ಲ ಅಂದ್ಳು. ಅದಕ್ಕೇ ಫೋನ್ ಮಾಡಿದ್ದು. ಇಬ್ಬರೂ ಒಂದೇ ಕಥೆ ಹೇಳಿದ್ರಿ. ಆ ಕೊನೇ ಉತ್ತರ ಒಂದು ಮಾತ್ರ ನನಗೆ ಹೊಂದಿಕೆ ಆಗಿರಲಿಲ್ಲ."

ಬಾಸಿಲಿಯಾ ಶಾಲಿನೊಳಗಿನಿಂದ ಕೈ ಹೊರಗೆ ತೆಗೆದು ಮಡಿಲ ಮೇಲಿಟ್ಟುಕೊಂಡಳು. ಅಳು ತಡೆಯಲು ಹೋಗಲಿಲ್ಲ.

"ಈಗ ಹೊಂದಿಕೆ ಆಯ್ತು," ಎಂದರು ಡಾಕ್ಟರು. "ಶುಕ್ರವಾರದ ತನಕ ನಾನೇನೂ ಹೇಳೋ ಹಾಗಿಲ್ಲ. ಅಲ್ಲೀತನಕ ನೀವು ಬಂದಿದ್ದೂ ಅವಳಿಗೆ ಹೇಳಬೇಡಿ."

ಶುಕ್ರವಾರ ಸಂಜೆ ಸುಲ್ಮಾ ಅಂಗಡಿಯ ಮುಂದೆ ನಿಂತು, ಆಯ್ತು ದೊಡ್ಡಮ್ಮ ಎಂದಳು. ಬಾಸಿಲಿಯಾ ಹೌದಾ ಎಂದು ಒಂದೇ ಮಾತಿನಲ್ಲಿ ಮುಗಿಸಿ, ಕಟ್ಟೆಯ ಹಿಂದಕ್ಕೆ ಬಗ್ಗಿ, ಇಲ್ಲದ ಕಿತ್ತಳೆ ಹಣ್ಣನ್ನು ಬಹಳ ಹೊತ್ತು ಹುಡುಕಿದಳು.

ಸೋಮವಾರ ಬೆಳಿಗ್ಗೆ ಏಳು ಗಂಟೆಗೆ ಸುಲ್ಮಾ ಪೇಟೆಗೆ ಬಂದಳು. ತೋಳಿನ ಮೇಲೆ ಮಡಿಸಿದ ಹೊಸ ಬಿಳಿ ಕೋಟು. ಲ್ಯಾಬಿಗೆ ಇನ್ನೂ ಒಂದು ಗಂಟೆಯಿದೆ, ಅಷ್ಟರಲ್ಲಿ ಪೆಟ್ಟಿಗೆ ಎತ್ತಿಟ್ಟು ನಾಲ್ಕು ಪಪ್ಪಾಯಿ ಸುಲಿದು ಹೋಗೋಣ ಎಂದು ಅವಳ ಯೋಚನೆ. ಕಟ್ಟೆಯ ಪಕ್ಕದ ಮೊಳೆಗೆ ಕೈ ಹಾಕಿದಳು. ಎಂಟು ವರ್ಷ ಅವಳ ಏಪ್ರನ್ ತೂಗುತ್ತಿದ್ದ ಮೊಳೆ. ಏಪ್ರನ್ ಇರಲಿಲ್ಲ.

"ನನ್ನ ಏಪ್ರನ್ ಎಲ್ಲಿ?"

"ಒಗೆದು ಪೆಟ್ಟಿಗೇಲಿ ಇಟ್ಟೆ," ಎಂದಳು ಬಾಸಿಲಿಯಾ. ಹಣ್ಣಿನ ಪೆಟ್ಟಿಗೆಗಳನ್ನೂ ಅವಳೇ ಎತ್ತಿಟ್ಟಾಗಿತ್ತು. ಎತ್ತಿದ್ದಕ್ಕೆ ಮೊಣಕಾಲು ಇನ್ನೂ ನೋಯುತ್ತಿತ್ತು. "ಈ ಕಡೆ ಬರಬೇಡ. ಆ ಕಡೆ ಕೂತ್ಕೋ."

ಸುಲ್ಮಾ ನಿಂತೇ ಇದ್ದಳು. "ಡಾಕ್ಟರ್ ಹೇಳಿದ್ರು. ವಾಪಸ್ ಬಂದ್ರೆ ಸೇರಿಸಿಕೊಳ್ಳಲ್ಲ ಅಂದ್ಯಂತೆ."

"ಅಂದೆ. ಇವತ್ತೂ ಅದೇ ಮಾತು."

"ಓಡಿಕೊಂಡು ಹೋಗಿದ್ಯಂತೆ. ಏಪ್ರನ್ ಮೇಲೇ."

"ನಿನ್ನಿಂದ ಕಲಿತದ್ದು," ಎಂದಳು ಬಾಸಿಲಿಯಾ.

ಸುಲ್ಮಾ ಬೆಂಚಿಗೆ ಹೋಗಿ ಕೂತಳು. ಎಂಟು ವರ್ಷದಲ್ಲಿ ಆ ಬೆಂಚನ್ನು ಸಾವಿರ ಸಲ ಒರೆಸಿದ್ದಳು, ಅದರ ಮೇಲೆ ಕೂತದ್ದು ಅದೇ ಮೊದಲು. ಅಲ್ಲಿಂದ ನೋಡಿದರೆ ದೊಡ್ಡಮ್ಮ ಹಣ್ಣಿನ ಗುಡ್ಡೆಯ ಹಿಂದೆ ಎತ್ತರದಲ್ಲಿ ಕಾಣುತ್ತಿದ್ದಳು. ಯಾರನ್ನೂ ಕೂಗಿ ಕರೆಯದ ಬಾಸಿಲಿಯಾ ಮಿಕ್ಸಿಯ ಮೇಲೆ ಕೈಯಿಟ್ಟು, ಗಂಟಲು ಸರಿಮಾಡಿಕೊಂಡಳು.

"ಏನು ಕೊಡ್ಲಿ, ಕಸೆರಿತಾ?"

"ಪಪ್ಪಾಯಿ ಹಾಲು," ಎಂದಳು ಸುಲ್ಮಾ.

ಬಾಸಿಲಿಯಾ ಲೋಟ ತುಂಬಿಸಿ ಕೊಟ್ಟಳು. ಹುಡುಗಿ ಕುಡಿದು ಮುಗಿಸಿ, ಎಲ್ಲ ಗಿರಾಕಿಗಳಂತೆ ಖಾಲಿ ಲೋಟವನ್ನು ಮುಂದೆ ಚಾಚಿದಳು. ಮಿಕ್ಸಿಯಲ್ಲಿದ್ದದ್ದನ್ನೆಲ್ಲ ಬಾಸಿಲಿಯಾ ಅದಕ್ಕೆ ಸುರಿದಳು. ಲೋಟ ತುಂಬಿ, ಚಾಚಿದ ಕೈಯ ಮೇಲೆಲ್ಲ ಹರಿಯಿತು, ಇಬ್ಬರೂ ಒರೆಸಿಕೊಳ್ಳಲಿಲ್ಲ.